ಫೋನ್ ಯಾರದೋ ಖಾತೆ ಕೇಳುತ್ತಿದೆಯೇ? ಬೀಗ ತೆಗೆಸುವ ಕ್ರಮ, ಒಂದೊಂದೇ ಹಂತವಾಗಿ

“ರೀಸೆಟ್ ಮಾಡಿದೆ ಅಣ್ಣ, ಈಗ ಯಾರದೋ ಇಮೇಲ್ ಕೇಳುತ್ತಿದೆ.” ಮಂಗಳೂರಿನ ಹಂಪನಕಟ್ಟೆಯ ಹತ್ತಿರ ನಾನು ಕೂರುವ ದುರಸ್ತಿ ಮೇಜಿನ ಮುಂದೆ ಈ ಮಾತು ಕೇಳದ ವಾರವಿಲ್ಲ. ಗಲ್ಫ್‌ನಿಂದ ರಜೆಗೆ ಬಂದ ಭಾವ ಕೊಟ್ಟ ಐಫೋನ್ ಇರಬಹುದು, ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿ ಮಾರಿದ ಲ್ಯಾಪ್‌ಟಾಪ್ ಇರಬಹುದು, ತೀರಿಹೋದ ತಂದೆಯ ಮೊಬೈಲ್ ಇರಬಹುದು. ತಪ್ಪು ಮಾತ್ರ ಒಂದೇ. ಮೊದಲು ಅಳಿಸುತ್ತಾರೆ, ಆಮೇಲೆ ಕೇಳುತ್ತಾರೆ.

ಈ ಬೀಗವನ್ನು ಒಡೆಯುವ ಉಪಾಯ ಇಲ್ಲಿಲ್ಲ. ಅದನ್ನು ಹಾಕಿದ ಖಾತೆಯವರಿಂದ, ಅದು ಆಗದಿದ್ದರೆ ಬಿಲ್ ತೋರಿಸಿ ಕಂಪನಿಯಿಂದ, ತೆಗೆಸುವ ದಾರಿ ಇದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಎರಡನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದವರೇ ಮತ್ತೆ ನನ್ನ ಮುಂದೆ ಬಂದು ನಿಲ್ಲುವವರು.

ಕೈಯಲ್ಲಿ ಇಟ್ಟುಕೊಳ್ಳಬೇಕಾದವು

ಚಾರ್ಜರ್, ನಂಬಬಹುದಾದ ವೈಫೈ, ಅಂತರ್ಜಾಲವಿರುವ ಇನ್ನೊಂದು ಫೋನ್, ಸಿಮ್ ತಟ್ಟೆ ತೆಗೆಯುವ ಪಿನ್, ಬರೆದುಕೊಳ್ಳಲು ಕಾಗದ. ಫೋನಿನ ಡಬ್ಬಿ ಮತ್ತು ಬಿಲ್ ಎಲ್ಲಿದೆ ಎಂದು ಈಗಲೇ ಹುಡುಕಿ. ಅಟ್ಟದ ಮೇಲಿನ ಖಾಲಿ ಡಬ್ಬಿಯ ಬೆಲೆ ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ರೀಸೆಟ್ ಒತ್ತಬೇಡಿ

ಫೋನ್ ಇನ್ನೂ ತೆರೆಯುತ್ತಿದ್ದರೆ, ಅಥವಾ ಪಿನ್ ಮಾತ್ರ ಕೇಳುತ್ತಿದ್ದರೆ, ಅದನ್ನು ಹಾಗೆಯೇ ಬಿಡಿ. ಪವರ್ ಗುಂಡಿ ಮತ್ತು ವಾಲ್ಯೂಮ್ ಗುಂಡಿ ಒಟ್ಟಿಗೆ ಒತ್ತಿ ಅಳಿಸುವ ವಿಡಿಯೊ ನೋಡಿ ಕೈ ಹಾಕಬೇಡಿ. ಆಂಡ್ರಾಯ್ಡ್‌ನಲ್ಲಿ 2015ರ ಹೊತ್ತಿಗೆ, 5.1ನೇ ಆವೃತ್ತಿಯೊಂದಿಗೆ, ಒಂದು ಕಾವಲು ಬಂತು. ಗುಂಡಿಗಳ ಮೂಲಕ ಅಳಿಸಿದ ಫೋನ್ ಮತ್ತೆ ಏಳುವಾಗ, ಹಿಂದೆ ಅದರಲ್ಲಿದ್ದ ಗೂಗಲ್ ಖಾತೆಯನ್ನು ಕೇಳಿಯೇ ಕೇಳುತ್ತದೆ. ಕಳ್ಳ ಮಾಡುವುದೂ ಇದನ್ನೇ ಆದ್ದರಿಂದ ಫೋನಿಗೆ ನೀವೂ ಕಳ್ಳನಂತೆಯೇ ಕಾಣುತ್ತೀರಿ.

ಕಳೆದ ಮಳೆಗಾಲದಲ್ಲಿ ಕಾಪು ಕಡೆಯ ಒಬ್ಬರು ತಾಯಿಯ ಫೋನ್ ತಂದಿದ್ದರು. ತಾಯಿಗೆ ಪಿನ್ ಗೊತ್ತಿತ್ತು, ಫೋನ್ ನಿಧಾನವಾಯಿತೆಂಬ ಒಂದೇ ಕಾರಣಕ್ಕೆ ಮಗ ಅಳಿಸಿದ್ದ. ಸೆಟ್ಟಿಂಗ್ಸ್ ಒಳಗಿನಿಂದ ಅದೇ ಪಿನ್ ಹಾಕಿ ಅಳಿಸಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಐದು ನಿಮಿಷದ ಕೆಲಸಕ್ಕೆ ಹನ್ನೊಂದು ದಿನ ಓಡಾಡಿದರು.

ಫೋನ್ ತೆರೆಯುವ ಸ್ಥಿತಿಯಲ್ಲಿದ್ದರೆ ಈಗಲೇ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಗಳ ಪಟ್ಟಿ ನೋಡಿ ಬರೆದುಕೊಳ್ಳಿ. ವಾಟ್ಸ್ಆ್ಯಪ್‌ನ ಚಾಟ್ ಬ್ಯಾಕಪ್ ಪುಟದಲ್ಲೂ ಗೂಗಲ್ ಖಾತೆಯ ಹೆಸರು ಇರುತ್ತದೆ. ಅಳಿಸಿದ ಮೇಲೆ ಈ ಸುಳಿವುಗಳು ಸಿಗುವುದಿಲ್ಲ.

ಹಂತ 2: ಪರದೆಯ ಮೇಲಿನ ಸಾಲನ್ನು ಪೂರ್ತಿ ಓದಿ

“ಲಾಕ್ ಆಗಿದೆ” ಎಂದು ಎಲ್ಲರೂ ಹೇಳುತ್ತಾರೆ. ಯಾವ ಲಾಕ್ ಎಂದು ಹೇಳುವವರು ಕಡಿಮೆ. ಪರದೆಯ ಒಂದು ಚಿತ್ರ ತೆಗೆದಿಟ್ಟುಕೊಂಡು, ಕೆಳಗಿನ ಯಾವುದಕ್ಕೆ ಹೋಲುತ್ತದೆ ಎಂದು ನೋಡಿ.

ಐಫೋನ್ ಅಥವಾ ಐಪ್ಯಾಡ್ ಮಾಲೀಕರಿಗೆ ಲಾಕ್ ಆಗಿದೆ ಎಂದು ಬರೆದು, ಕೆಳಗೆ ಒಂದಕ್ಷರ, ಸಾಲು ಚುಕ್ಕಿ, ನಂತರ ಇಮೇಲ್‌ನ ಬಾಲ ಕಾಣುತ್ತಿದ್ದರೆ ಅದು ಆ್ಯಕ್ಟಿವೇಶನ್ ಲಾಕ್. 2013ರಲ್ಲಿ ಐಒಎಸ್ 7ರೊಂದಿಗೆ ಬಂದದ್ದು. ಕಳೆದ ಸಾಧನ ಹುಡುಕುವ ಆ್ಯಪಲ್‌ನ ಸೌಲಭ್ಯ ಫೈಂಡ್ ಮೈ ಚಾಲೂ ಇದ್ದರೆ ತಾನಾಗಿಯೇ ಬೀಳುತ್ತದೆ. ಇದರ ದಾಖಲೆ ಇರುವುದು ಆ್ಯಪಲ್‌ನ ಸರ್ವರ್‌ನಲ್ಲಿ. ಹೀಗಾಗಿ ಸಾಫ್ಟ್‌ವೇರ್ ಹೊಸದಾಗಿ ಹಾಕಿಸಿದರೂ, ಸಿಮ್ ಬದಲಿಸಿದರೂ ಹೋಗುವುದಿಲ್ಲ.

ಈ ಸಾಧನವನ್ನು ರೀಸೆಟ್ ಮಾಡಲಾಗಿದೆ, ಹಿಂದೆ ಬಳಸಿದ ಗೂಗಲ್ ಖಾತೆಯಿಂದ ಸೈನ್ ಇನ್ ಆಗಿ ಎಂಬ ಅರ್ಥದ ಸಾಲಿದ್ದರೆ ಅದು ಮೇಲೆ ಹೇಳಿದ ಗೂಗಲ್ ಕಾವಲು. ಅಂಗಡಿಗಳಲ್ಲಿ ಇದನ್ನು ಎಫ್‌ಆರ್‌ಪಿ ಎನ್ನುತ್ತಾರೆ. ಶಿಯೋಮಿ ಫೋನಿನಲ್ಲಿ ಮೀ ಖಾತೆ, ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಖಾತೆ ಕೇಳಿದರೆ ಅದು ಗೂಗಲ್‌ನದಲ್ಲ, ಪ್ರತ್ಯೇಕ ಬೀಗ. ಎರಡೂ ಒಟ್ಟಿಗೆ ಇರಬಹುದು.

ಕಂಪನಿಯ ಅಥವಾ ಕಾಲೇಜಿನ ಹೆಸರು ಕಾಣುತ್ತಿದ್ದರೆ, ರಿಮೋಟ್ ಮ್ಯಾನೇಜ್‌ಮೆಂಟ್ ಎಂಬ ಪದ ಇದ್ದರೆ, ಅದು ಸಂಸ್ಥೆಯ ಸಾಧನ. ಎಂಟನೇ ಹಂತಕ್ಕೆ ಹೋಗಿ.

ಸಾಲ ಕೊಟ್ಟವರ ಹೆಸರು, ಬಾಕಿ ಕಂತು ಕಟ್ಟಿ ಎಂಬ ಸೂಚನೆ, ಒಂದು ಫೋನ್ ಸಂಖ್ಯೆ ಕಂಡರೆ ಅದು ಕಂತಿನ ಫೋನ್. ಸಾಲ ತೀರುವವರೆಗೆ ಬೀಗದ ಕೈ ಸಾಲ ಕೊಟ್ಟವರ ಬಳಿ ಇರುತ್ತದೆ. ಮಾರಿದವರು ಬಾಕಿ ತೀರಿಸಿ ನಿರಾಕ್ಷೇಪಣಾ ಪತ್ರ ತರಬೇಕು. ಇದಕ್ಕೆ ಬೇರೆ ಪರಿಹಾರವಿಲ್ಲ, ಮುಂದಿನ ಹಂತಗಳನ್ನು ಓದುವ ಅಗತ್ಯವೂ ಇಲ್ಲ.

ಬರೀ ಪಿನ್ ಅಥವಾ ಪಾಸ್‌ಕೋಡ್ ಕೇಳುತ್ತಿದ್ದರೆ ಅದು ಪರದೆಯ ಬೀಗ ಮಾತ್ರ. ಊಹಿಸುತ್ತಾ ಹೋಗಬೇಡಿ. ಪ್ರತಿ ತಪ್ಪಿಗೂ ಕಾಯುವ ಅವಧಿ ಬೆಳೆಯುತ್ತದೆ. ನಿಮ್ಮದೇ ಐಫೋನ್ ಆಗಿದ್ದು ಇತ್ತೀಚೆಗೆ ಪಾಸ್‌ಕೋಡ್ ಬದಲಿಸಿ ಮರೆತಿದ್ದರೆ ಒಂದು ಅವಕಾಶ ಉಂಟು. ಐಒಎಸ್ 17ರಿಂದ, ಬದಲಿಸಿದ 72 ಗಂಟೆಗಳ ಒಳಗೆ ಹಳೆಯ ಪಾಸ್‌ಕೋಡ್ ಬಳಸಿ ಹೊಸದನ್ನು ಇಡಬಹುದು.

ಹಂತ 3: ಆ ಖಾತೆ ನಿಜವಾಗಿ ಅಪರಿಚಿತವೇ?

ಆತುರದಲ್ಲಿ ಜನ ದಾಟಿಹೋಗುವ ಹಂತ ಇದು. ನನ್ನಲ್ಲಿಗೆ ಬರುವ ಆಂಡ್ರಾಯ್ಡ್ ಫೋನುಗಳಲ್ಲಿ ಬಹಳಷ್ಟಕ್ಕೆ ಪರಿಹಾರ ಸಿಗುವುದೂ ಇಲ್ಲೇ.

ಮನೆಯ ಹಿರಿಯರಿಗೆ ಹೊಸ ಫೋನ್ ಕೊಂಡಾಗ ಏನಾಗುತ್ತದೆ ನೋಡಿ. ಗೂಗಲ್ ಖಾತೆ ಬೇಕೆಂದು ಫೋನ್ ಕೇಳುತ್ತದೆ. ಅಪ್ಪನಿಗೆ ಖಾತೆಯಿಲ್ಲ. ಅಂಗಡಿಯ ಹುಡುಗ ಎರಡು ನಿಮಿಷದಲ್ಲಿ ಒಂದು ಜಿಮೇಲ್ ತೆರೆಯುತ್ತಾನೆ, ಅಪ್ಪನ ಹೆಸರಿನ ಮುಂದೆ ನಾಲ್ಕು ಅಂಕಿ ಸೇರಿಸುತ್ತಾನೆ, ತನಗೆ ತೋಚಿದ ಪಾಸ್‌ವರ್ಡ್ ಇಡುತ್ತಾನೆ. ಅಪ್ಪ ಅದನ್ನು ಒಮ್ಮೆಯೂ ಬಳಸುವುದಿಲ್ಲ. ಮೂರು ವರ್ಷ ಕಳೆದು ಫೋನ್ ಅಳಿಸಿದಾಗ ಆ ಖಾತೆ ಪ್ರತ್ಯಕ್ಷವಾಗುತ್ತದೆ, ಮನೆಯವರಿಗೆ “ಯಾರದೋ ಖಾತೆ” ಆಗಿ ಕಾಣುತ್ತದೆ. ಅದು ಅಪ್ಪನದೇ ಖಾತೆ ಮಾರಾಯರೇ.

ಹುಡುಕುವ ಕ್ರಮ ಹೀಗೆ. ಇನ್ನೊಂದು ಫೋನಿನಲ್ಲಿ ಗೂಗಲ್ ಸೈನ್ ಇನ್ ಪುಟ ತೆರೆದು, ಇಮೇಲ್ ಮರೆತಿದ್ದೇನೆ ಎಂಬುದನ್ನು ಒತ್ತಿ. ಅಪ್ಪನ ಮೊಬೈಲ್ ಸಂಖ್ಯೆ ಕೊಡಿ, ನಂತರ ಹೆಸರು. ಇಲ್ಲಿಯೇ ಎಡವುವುದು. ಆಧಾರ್‌ನಲ್ಲಿರುವ ಹೆಸರನ್ನು ಹಾಕುತ್ತಾರೆ, ಆದರೆ ಖಾತೆ ತೆರೆದ ಹುಡುಗ ಇನಿಷಿಯಲ್ ಬಿಟ್ಟಿರಬಹುದು, ಕೊನೆಯ ಹೆಸರಿನ ಜಾಗಕ್ಕೆ “ರಾವ್” ಬದಲು “ಆರ್” ಹಾಕಿರಬಹುದು. ಒಂದೆರಡು ರೂಪ ಪ್ರಯತ್ನಿಸಿ. ಸಂಖ್ಯೆಗೆ ಬಂದ ಕೋಡ್ ಹಾಕಿದರೆ ಹೊಂದುವ ಖಾತೆಗಳ ಪಟ್ಟಿ ಬರುತ್ತದೆ.

ಅದೂ ಆಗದಿದ್ದರೆ ಮನೆಯಲ್ಲಿ ಸುತ್ತಲೂ ನೋಡಿ. ಟಿವಿಯ ಯೂಟ್ಯೂಬ್‌ನಲ್ಲಿ ಯಾವ ಖಾತೆ ಇದೆ? ಅಪ್ಪನ ಹಳೆಯ ಫೋನ್ ಮೇಜಿನ ಡ್ರಾಯರ್‌ನಲ್ಲಿ ಬಿದ್ದಿದೆಯೇ? ಕೊಂಡ ದಿನ ಅಂಗಡಿಯವರು ಬಿಲ್ಲಿನ ಹಿಂದೆಯೋ ಡಬ್ಬಿಯ ಒಳಮುಚ್ಚಳದಲ್ಲೋ ಪೆನ್ನಿನಿಂದ ಬರೆದಿದ್ದಾರೆಯೇ? ಉಡುಪಿಯ ಒಬ್ಬ ನಿವೃತ್ತ ಮೇಷ್ಟ್ರ ಪಾಸ್‌ವರ್ಡ್ ನಮಗೆ ಸಿಕ್ಕಿದ್ದು ಪಂಚಾಂಗದ ಕೊನೆಯ ಪುಟದಲ್ಲಿ.

ಖಾತೆಯ ಹೆಸರು ಗೊತ್ತಾಗಿ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಗೂಗಲ್‌ನ ಖಾತೆ ಮರಳಿ ಪಡೆಯುವ ಪುಟಕ್ಕೆ ಹೋಗಿ. ಮನೆಯ ವೈಫೈಯಿಂದಲೇ, ಆ ಖಾತೆ ಹಿಂದೆ ತೆರೆದಿದ್ದ ಟಿವಿ ಅಥವಾ ಕಂಪ್ಯೂಟರ್ ಇದ್ದರೆ ಆ ಮನೆಯಿಂದಲೇ ಪ್ರಯತ್ನಿಸಿ. ಪರಿಚಿತ ಜಾಗ, ಪರಿಚಿತ ಸಾಧನವನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಂಗಳೂರಿನ ನನ್ನ ಮೇಜಿನಿಂದ ಸೋತ ಪ್ರಯತ್ನ ಕಾರ್ಕಳದ ಮನೆಯಿಂದ ಗೆದ್ದದ್ದುಂಟು.

ಗಮನಿಸಿ: ಪಾಸ್‌ವರ್ಡ್ ಬದಲಾದ ತಕ್ಷಣ ಬೀಗದ ಪರದೆಯಲ್ಲಿ ಅದನ್ನು ಹಾಕಿದರೆ ಫೋನ್ ಒಪ್ಪದೆ ಇರಬಹುದು. 24 ಗಂಟೆ ಕಾಯಿರಿ. ಆ ನಡುವೆ ಮತ್ತೆ ಬದಲಿಸಿದರೆ ಎಣಿಕೆ ಮೊದಲಿನಿಂದ ಶುರು. “ಪಾಸ್‌ವರ್ಡ್ ಸರಿ ಇದ್ದರೂ ತೆಗೆದುಕೊಳ್ಳುತ್ತಿಲ್ಲ” ಎಂದು ಬರುವವರಲ್ಲಿ ಹೆಚ್ಚಿನವರು ರಾತ್ರಿಯಿಡೀ ನಾಲ್ಕು ಸಲ ಬದಲಿಸಿದವರು.

ಕೆಲವು ಆಂಡ್ರಾಯ್ಡ್ ಫೋನುಗಳು ಖಾತೆಯ ಬದಲು ಹಳೆಯ ಪಿನ್ ಅಥವಾ ಪ್ಯಾಟರ್ನ್ ಹಾಕಲೂ ಬಿಡುತ್ತವೆ. ಐಫೋನಿನ ಬೀಗದ ಪರದೆಯಲ್ಲಿಯೂ ಪಾಸ್‌ಕೋಡ್‌ನಿಂದ ತೆರೆಯುವ ಆಯ್ಕೆ ಕಾಣಬಹುದು. ಕೇಳುವುದು ಹಿಂದಿನ ಪರದೆಯ ಬೀಗದ ಅಂಕಿಗಳನ್ನು. ಮನೆಯವರಿಗೆ ಅದು ನೆನಪಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು.

ಹಂತ 4: ಗುರುತು ಸಂಖ್ಯೆ ತೆಗೆದು, ಮಾಲು ಶುದ್ಧವೇ ಎಂದು ನೋಡಿ

ಖಾತೆ ನಿಜವಾಗಿಯೂ ಪರರದು ಎಂದಾದರೆ ಮಾರಿದವರಿಗೆ ಫೋನ್ ಮಾಡುವ ಮೊದಲು ಈ ಕೆಲಸ. ಪ್ರತಿ ಮೊಬೈಲ್‌ಗೂ 15 ಅಂಕಿಯ ಐಎಂಇಐ ಇರುತ್ತದೆ. ತೆರೆಯುವ ಫೋನಿನಲ್ಲಿ *#06# ಒತ್ತಿದರೆ ಸಿಗುತ್ತದೆ. ಲಾಕ್ ಆದ ಐಫೋನಿನಲ್ಲಿ ಸ್ವಾಗತದ ಪರದೆಯ ಮೂಲೆಯ ಚಿಕ್ಕ ಮಾಹಿತಿ ಗುರುತನ್ನು ಒತ್ತಿ. ಡಬ್ಬಿಯ ಮೇಲೂ, ಹಲವು ಮಾದರಿಗಳಲ್ಲಿ ಸಿಮ್ ತಟ್ಟೆಯ ಮೇಲೂ ಅಚ್ಚಾಗಿರುತ್ತದೆ. ಡಬ್ಬಿಯ ಸಂಖ್ಯೆಗೂ ಫೋನಿನ ಸಂಖ್ಯೆಗೂ ತಾಳೆಯಾಗದಿದ್ದರೆ, ಆ ಡಬ್ಬಿ ಬೇರೆ ಫೋನಿನದು ಎಂದು ತಿಳಿಯಿರಿ.

ಈಗ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣ ತೆರೆಯಿರಿ. 2023ರ ಮೇ ತಿಂಗಳಲ್ಲಿ ದೇಶದಾದ್ಯಂತ ಶುರುವಾದದ್ದು. ಅಲ್ಲಿ ನಿಮ್ಮ ಮೊಬೈಲ್ ತಿಳಿಯಿರಿ ಎಂಬ ವಿಭಾಗದಲ್ಲಿ ಐಎಂಇಐ ಹಾಕಿ. ಎಸ್‌ಎಂಎಸ್ ಸಾಕು ಎನ್ನುವವರು ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ, ನಂತರ ಐಎಂಇಐ ಬರೆದು 14422ಕ್ಕೆ ಕಳುಹಿಸಬಹುದು. ಬ್ಲ್ಯಾಕ್‌ಲಿಸ್ಟೆಡ್ ಅಥವಾ ಡೂಪ್ಲಿಕೇಟ್ ಎಂದು ಉತ್ತರ ಬಂದರೆ ಇಲ್ಲಿಗೇ ನಿಲ್ಲಿಸಿ, ಒಂಬತ್ತನೇ ಹಂತಕ್ಕೆ ಹೋಗಿ.

ನಮ್ಮ ಕರಾವಳಿಯವರು ಮರೆಯಬಾರದ ಒಂದು ಮಾತಿದೆ. ಇದು ಭಾರತದ ಪಟ್ಟಿ. ಶಾರ್ಜಾದಲ್ಲೋ ದಮಾಮ್‌ನಲ್ಲೋ ಕಳವಾದ ಫೋನ್ ಇಲ್ಲಿ ಶುದ್ಧವಾಗಿಯೇ ಕಾಣಬಹುದು. ಗಲ್ಫ್ ಫೋನಿಗೆ ಈ ಪರೀಕ್ಷೆಯ ಜೊತೆ ಅಲ್ಲಿನ ಬಿಲ್ ಕೂಡ ಕೇಳಿ.

ಹಣ ಕೊಟ್ಟ ಯುಪಿಐ ದಾಖಲೆ, ಮಾರಿದವರೊಂದಿಗಿನ ಸಂದೇಶಗಳು, ಜಾಹೀರಾತಿನ ಚಿತ್ರ, ಇವನ್ನೂ ಇದೇ ದಿನ ತೆಗೆದಿಡಿ. ಜಾಹೀರಾತುಗಳು ಅಳಿಸಿಹೋಗುತ್ತವೆ.

ಹಂತ 5: ಐಫೋನ್ ಆದರೆ, ಹಿಂದಿನ ಮಾಲೀಕರಿಂದ ಹೀಗೆ ತೆಗೆಸಿ

ಭಾವ ಕೊಟ್ಟ ಫೋನ್ ಭಾವನದೇ ಖಾತೆಯಲ್ಲಿ ಇರಬೇಕೆಂದಿಲ್ಲ. ಸರಪಣಿ ಹಿಡಿದು ಹಿಂದಕ್ಕೆ ಹೋಗಿ. ಮಲ್ಪೆಯ ಒಬ್ಬ ಹೆಂಗಸು ತಂದ ಫೋನಿನ ಪರದೆಯಲ್ಲಿ ಎಸ್ ಅಕ್ಷರ, ಚುಕ್ಕಿಗಳು, ಕೊನೆಗೆ ಜಿಮೇಲ್ ಎಂದಿತ್ತು. ಅವರ ಮೈದುನನ ಹೆಸರಿನಲ್ಲಿ ಎಸ್ ಇಲ್ಲ. ಮೈದುನ ಅದನ್ನು ಕೊಂಡದ್ದು ದಮಾಮ್‌ನಲ್ಲಿ ಜೊತೆಗೆ ಕೋಣೆಯಲ್ಲಿದ್ದ ಗೆಳೆಯನಿಂದ. ಆ ಗೆಳೆಯ ಈಗ ಕಾಸರಗೋಡಿನಲ್ಲಿ. ಮೂರನೆಯ ಕರೆಯಲ್ಲಿ ಸಿಕ್ಕಿದರು, ಮೂರೇ ನಿಮಿಷದಲ್ಲಿ ಖಾತೆ ಕಳಚಿತು. ಪರದೆಯ ಆ ಒಂದಕ್ಷರ ಯಾರನ್ನು ಕೇಳಬೇಕೆಂದು ಹೇಳಿಕೊಟ್ಟಿತ್ತು.

ಮಾಲೀಕರು ಎದುರಿಗಿದ್ದರೆ ಅವರೇ ತಮ್ಮ ಇಮೇಲ್ ಮತ್ತು ಪಾಸ್‌ವರ್ಡ್ ಒತ್ತಲಿ. ದೂರದಲ್ಲಿದ್ದರೆ ವಿಡಿಯೊ ಕರೆಯಲ್ಲಿ ಈ ಕ್ರಮ ಹೇಳಿ:

1. ಅವರು ತಮ್ಮ ಫೋನಿನ ಬ್ರೌಸರ್‌ನಲ್ಲಿ ಐಕ್ಲೌಡ್ ತಾಣದ ಫೈಂಡ್ ಪುಟ ತೆರೆದು ತಮ್ಮ ಆ್ಯಪಲ್ ಖಾತೆಯಿಂದ ಒಳಹೋಗಬೇಕು. ಸಾಧನ ಹುಡುಕುವ ಈ ಪುಟಕ್ಕೆ ಎರಡನೇ ಹಂತದ ಕೋಡ್ ಬೇಡ. “ಹಳೆಯ ನಂಬರ್ ಈಗ ಇಲ್ಲ, ಕೋಡ್ ಬರುವುದಿಲ್ಲ” ಎಂದು ಅವರು ಹಿಂಜರಿದರೆ ಇದನ್ನು ತಿಳಿಸಿ.

2. ಸಾಧನಗಳ ಪಟ್ಟಿಯಲ್ಲಿ ಈ ಫೋನನ್ನು ಆರಿಸಬೇಕು. ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ಫೋನ್ ಇದ್ದರೆ ಮಾದರಿ ನೋಡಿಕೊಳ್ಳಲಿ. ಈಗ ಬಳಸುತ್ತಿರುವ ಫೋನನ್ನೇ ಅಳಿಸಿಕೊಂಡವರೂ ಇದ್ದಾರೆ.

3. ಫೋನ್ ಇನ್ನೂ ಅಳಿಸಿಲ್ಲವಾದರೆ ಮೊದಲು ಅಳಿಸು ಎಂಬುದನ್ನು ಒತ್ತಬೇಕು. ಫೋನ್ ಸಂಖ್ಯೆ, ಸಂದೇಶ ಬರೆಯಿರಿ ಎಂದು ಕೇಳಿದರೆ ಖಾಲಿ ಬಿಟ್ಟು ಮುಂದೆ ಹೋಗಬೇಕು.

4. ಕೊನೆಯದಾಗಿ ಖಾತೆಯಿಂದ ತೆಗೆ ಎಂಬುದನ್ನು ಒತ್ತಬೇಕು. ಬರೀ ಅಳಿಸಿ ನಿಲ್ಲಿಸಿದರೆ ಬೀಗ ಹಾಗೆಯೇ ಉಳಿಯುತ್ತದೆ. ವಿಡಿಯೊ ಕರೆ ಇಟ್ಟುಬಿಡುವ ಮೊದಲು ಪಟ್ಟಿಯಿಂದ ಫೋನ್ ಮಾಯವಾಯಿತೇ ಎಂದು ಕೇಳಿ.

5. ನೀವು ಫೋನ್ ಆಫ್ ಮಾಡಿ, ಮತ್ತೆ ಆನ್ ಮಾಡಿ, ವೈಫೈಗೆ ಸೇರಿಸಿ. ಬೀಗ ಕಾಣಬಾರದು.

ಮಾಲೀಕರೊಂದಿಗೆ ಮಾತನಾಡುವ ಧಾಟಿಯೂ ಮುಖ್ಯ. ಅಪರಿಚಿತ ಸಂಖ್ಯೆಯಿಂದ ಕರೆ ಬಂದು “ನಿಮ್ಮ ಪಾಸ್‌ವರ್ಡ್ ಕೊಡಿ” ಎಂದರೆ ಯಾರಾದರೂ ಇಟ್ಟುಬಿಡುತ್ತಾರೆ, ಇಡಬೇಕು ಕೂಡ. ಪಾಸ್‌ವರ್ಡ್ ಕೇಳಬೇಡಿ, ಕೋಡ್ ಕೇಳಬೇಡಿ. ನೀವು ಯಾರು, ಫೋನ್ ಯಾರಿಂದ ಬಂತು ಎಂದು ಹೇಳಿ, ಖಾತೆಯಿಂದ ತೆಗೆಯಿರಿ ಎಂದಷ್ಟೇ ಕೇಳಿ. ಫೋನ್ ತನ್ನಿಂದ ಕಳವಾದದ್ದು ಎಂದು ಅವರು ಹೇಳಿದರೆ ವಾದಿಸಬೇಡಿ. ಒಂಬತ್ತನೇ ಹಂತ.

ಹಂತ 6: ಆಂಡ್ರಾಯ್ಡ್ ಆದರೆ

ಇಲ್ಲಿ ದೂರದಿಂದ ಪಟ್ಟಿಯಲ್ಲಿ ತೆಗೆಸುವುದನ್ನು ನೆಚ್ಚಿಕೊಳ್ಳಬೇಡಿ. ಅಳಿಸಿದ ಮೇಲೆ ಫೋನಿನಲ್ಲೇ ಕುಳಿತಿರುವ ಕಾವಲು ಅದು. ಮಾರಿದವರು ಎದುರು ಬಂದು ಸೈನ್ ಇನ್ ಆಗುವುದು ಸಲೀಸು. ಅವರ ಹೊಸ ಫೋನಿಗೆ ಬರುವ ಒಪ್ಪಿಗೆಯನ್ನು ಅವರೇ ಒತ್ತಲಿ. ಮುಖಪುಟ ತೆರೆದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಅವರ ಖಾತೆ ತೆಗೆದು, ಅಲ್ಲಿಂದಲೇ ಮತ್ತೊಮ್ಮೆ ರೀಸೆಟ್ ಮಾಡಿ, ನಿಮ್ಮ ಖಾತೆ ಸೇರಿಸಿ. ಅವರ ಖಾತೆ ತೆಗೆಯುವ ಹೆಜ್ಜೆ ಬಿಟ್ಟರೆ ಆರು ತಿಂಗಳ ನಂತರ ಅದೇ ಖಾತೆ ಮತ್ತೆ ಎದ್ದು ನಿಲ್ಲುತ್ತದೆ.

ಶಿಯೋಮಿ, ಸ್ಯಾಮ್‌ಸಂಗ್ ಖಾತೆಗಳನ್ನು ಪ್ರತ್ಯೇಕವಾಗಿ ತೆಗೆಸಬೇಕು. ಗೂಗಲ್ ಬೀಗ ಹೋಯಿತೆಂದು ಮಾರಿದವರನ್ನು ಕಳುಹಿಸಿಬಿಡಬೇಡಿ. ಪೂರ್ತಿ ಮುಖಪುಟ ಕಾಣುವವರೆಗೆ ಚಹಾ ತರಿಸಿ ಕೂರಿಸಿಕೊಳ್ಳಿ.

ಹಂತ 7: ಮಾಲೀಕರು ಸಿಗದಿದ್ದರೆ, ಬಿಲ್ ಹಿಡಿದು ಕಂಪನಿಗೆ

ಆ್ಯಪಲ್‌ಗೆ ಆ್ಯಕ್ಟಿವೇಶನ್ ಲಾಕ್ ತೆಗೆಯುವ ಕೋರಿಕೆಯನ್ನು ತಾಣದಲ್ಲೇ ಸಲ್ಲಿಸಬಹುದು. ಅವರು ನೋಡುವುದು ಮೂಲ ಖರೀದಿಯ ಬಿಲ್. ಅದರಲ್ಲಿ ಸೀರಿಯಲ್ ಸಂಖ್ಯೆ ಅಥವಾ ಐಎಂಇಐ ಇರಬೇಕು. ನೀವು ಮಾರಿದವರಿಗೆ ಕೊಟ್ಟ ಹಣದ ಯುಪಿಐ ರಸೀದಿ ಅಥವಾ ಬಿಳಿ ಹಾಳೆಯಲ್ಲಿ ಬರೆಸಿಕೊಂಡ ಚೀಟಿ ಇದಕ್ಕೆ ಸಾಲದು. ಫೋನ್ ಕಳೆದುಹೋದ ಸಾಧನದ ಸ್ಥಿತಿಯಲ್ಲಿ ಇರಬಾರದು, ಸಂಸ್ಥೆಯೊಂದರ ನಿರ್ವಹಣೆಯಲ್ಲಿಯೂ ಇರಬಾರದು. ಒಪ್ಪಿಗೆ ಸಿಕ್ಕರೂ ಒಳಗಿನ ಚಿತ್ರ, ದಾಖಲೆ ಎಲ್ಲವೂ ಅಳಿಸಿಹೋಗುತ್ತದೆ.

ಆಂಡ್ರಾಯ್ಡ್ ಕಂಪನಿಗಳ ಅಧಿಕೃತ ಸೇವಾ ಕೇಂದ್ರಗಳ ನಿಯಮ ಒಂದೊಂದು ಕಡೆ ಒಂದೊಂದು ಬಗೆ. ಹೋಗುವ ಮೊದಲು ಫೋನ್ ಮಾಡಿ ಕೇಳಿ. ಬಿಲ್, ಡಬ್ಬಿ, ಬಿಲ್ಲಿನಲ್ಲಿರುವವರ ಗುರುತಿನ ಚೀಟಿ ಒಟ್ಟಿಗೆ ಒಯ್ಯಿರಿ. ಬಿಲ್ ಕಳೆದಿದ್ದರೆ ಮಾರಿದ ಅಂಗಡಿಗೆ ಹೋಗಿ. ಜಿಎಸ್‌ಟಿ ಬಿಲ್ ಕೊಡುವ ಅಂಗಡಿಗಳ ಕಂಪ್ಯೂಟರ್‌ನಲ್ಲಿ ಮೊಬೈಲ್ ಸಂಖ್ಯೆ ಹೇಳಿದರೆ ಹಳೆಯ ಬಿಲ್ ಸಿಗುವುದುಂಟು.

ತೀರಿಕೊಂಡವರ ಫೋನ್ ಆದರೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆಗಳನ್ನು ಸಿದ್ಧಮಾಡಿಕೊಂಡು ಕಂಪನಿಯ ಸಹಾಯವಾಣಿಯನ್ನು ಸಂಪರ್ಕಿಸಿ. ಅವರು ಬದುಕಿದ್ದಾಗ ಆ್ಯಪಲ್‌ನ ಲೆಗಸಿ ಕಾಂಟ್ಯಾಕ್ಟ್ ಆಗಿ, ಅಂದರೆ ತಮ್ಮ ನಂತರ ಖಾತೆ ತೆರೆಯಬಹುದಾದವರಾಗಿ, ನಿಮ್ಮ ಹೆಸರು ಸೇರಿಸಿದ್ದರೆ ದಾರಿ ಬಹಳ ಸುಲಭ. ಅವರ ಸಿಮ್ ಕಾರ್ಡನ್ನು ಮಾತ್ರ ಆತುರದಲ್ಲಿ ರದ್ದುಮಾಡಬೇಡಿ. ಕೋಡ್‌ಗಳು ಬರುವುದು ಆ ಸಂಖ್ಯೆಗೆ.

ಈ ಹಂತದಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುವವರು

ಮಾಲೀಕರು ಸಿಗಲಿಲ್ಲ, ಬಿಲ್ಲಿಲ್ಲ ಎಂದಾಗ ಮನಸ್ಸು ಸಡಿಲವಾಗುತ್ತದೆ. ಆಗಲೇ “ಐಎಂಇಐ ಕಳುಹಿಸಿ, ಎರಡು ಸಾವಿರ ಹಾಕಿ, ಸರ್ವರ್‌ನಿಂದ ತೆಗೆಯುತ್ತೇವೆ” ಎನ್ನುವವರು ಎದುರಾಗುತ್ತಾರೆ. ಹಣ ಹೋದ ಮೇಲೆ “ನಿಮ್ಮದು ವಿಶೇಷ ಪ್ರಕರಣ, ಇನ್ನೂ ಮೂರು ಸಾವಿರ” ಎನ್ನುತ್ತಾರೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಂಪ್ಯೂಟರ್‌ಗೆ ಯಾವುದೋ ತಂತ್ರಾಂಶ ಹಾಕಿಸಿ, ಆ್ಯಂಟಿವೈರಸ್ ನಿಲ್ಲಿಸಿ ಎನ್ನುವವರನ್ನು ನಂಬಬೇಡಿ. ದೂರದಿಂದ ನಿಮ್ಮ ಪರದೆ ನೋಡುವ ಆ್ಯಪ್ ಹಾಕಿ ಎನ್ನುವವರು ಬ್ಯಾಂಕ್ ಆ್ಯಪ್ ಹುಡುಕುತ್ತಿರುತ್ತಾರೆ. “ಸದ್ಯಕ್ಕೆ ನನ್ನ ಖಾತೆಯಿಂದ ಒಳಹೋಗಿ” ಎಂದು ತಮ್ಮ ಆ್ಯಪಲ್ ಖಾತೆ ಕೊಡುವವರು ಇನ್ನೂ ಅಪಾಯಕಾರಿ. ನೀವು ಒಳಹೋದ ಗಳಿಗೆಯಲ್ಲಿ ದೂರದಿಂದ ಲಾಕ್ ಮಾಡಿ ಹಣ ಕೇಳುತ್ತಾರೆ.

ಬೈಪಾಸ್ ಮಾಡಿಸಿಕೊಂಡು ಬಂದ ಫೋನುಗಳನ್ನೂ ನೋಡಿದ್ದೇನೆ. ಕೆಲವಕ್ಕೆ ಸಿಮ್ ಹಿಡಿಯುವುದಿಲ್ಲ, ಕೆಲವನ್ನು ಅಪ್‌ಡೇಟ್ ಮಾಡಿದ ರಾತ್ರಿಯೇ ಬೀಗ ಮರಳಿತು. ಆಂಡ್ರಾಯ್ಡ್ 15ರಲ್ಲಿ ಈ ಕಾವಲನ್ನು ಮತ್ತಷ್ಟು ಬಿಗಿ ಮಾಡಿದ್ದಾರೆ. ಐಎಂಇಐಯನ್ನೇ ಬದಲಿಸಿಕೊಡುತ್ತೇವೆ ಎಂದರೆ ಎದ್ದು ಹೊರಡಿ. 2023ರ ದೂರಸಂಪರ್ಕ ಕಾಯ್ದೆಯಡಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

“ಬಿಡಿ, ಬಿಡಿಭಾಗಕ್ಕೆ ಮಾರುತ್ತೇನೆ” ಎಂಬ ಲೆಕ್ಕವೂ ಈಗ ಸರಿಹೋಗುವುದಿಲ್ಲ. ಐಒಎಸ್ 18ರಿಂದ ಆ್ಯಪಲ್ ಬ್ಯಾಟರಿ, ಕ್ಯಾಮೆರಾ, ಡಿಸ್‌ಪ್ಲೇಗಳಿಗೂ ಈ ಬೀಗವನ್ನು ವಿಸ್ತರಿಸಿದೆ.

ಹಂತ 8: ಲ್ಯಾಪ್‌ಟಾಪ್ ಅಥವಾ ಸಂಸ್ಥೆಯ ಸಾಧನ ಆದರೆ

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಯಾರದೋ ಮೈಕ್ರೋಸಾಫ್ಟ್ ಖಾತೆ ಕಂಡರೆ ಗಾಬರಿ ಬೇಡ. ಒಳಗಿನ ದಾಖಲೆ ನಿಮಗೆ ಬೇಡವಾದ ಕಾರಣ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಇಳಿಸಿಕೊಂಡು ಹೊಸದಾಗಿ ಹಾಕಬಹುದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ ಬಿಟ್‌ಲಾಕರ್, ನೀಲಿ ಪರದೆಯಲ್ಲಿ 48 ಅಂಕಿಯ ಕೀ ಕೇಳಿದರೂ ಇದೇ ದಾರಿ. ಲ್ಯಾಪ್‌ಟಾಪ್ ನಿಮ್ಮದೇ ಆಗಿದ್ದು ಒಳಗಿನ ಕಡತ ಬೇಕಿದ್ದರೆ ಮಾತ್ರ ಏನನ್ನೂ ಅಳಿಸಬೇಡಿ. ನಿಮ್ಮ ಮೈಕ್ರೋಸಾಫ್ಟ್ ಖಾತೆಯ ರಿಕವರಿ ಕೀ ಪುಟದಲ್ಲಿ ಹುಡುಕಿ. ಕಾಲೇಜು ಅಥವಾ ಕಚೇರಿಯ ಖಾತೆಯಲ್ಲೂ ಅದು ಉಳಿದಿರಬಹುದು.

ಹೊಸ ವಿಂಡೋಸ್ ಹಾಕಿ ಅಂತರ್ಜಾಲ ಸೇರಿಸಿದ ಕೂಡಲೇ ಒಂದು ಕಂಪನಿಯ ಹೆಸರಿನ ಸ್ವಾಗತ ಬಂದರೆ ಅದು ಸಂಸ್ಥೆಯ ಪಟ್ಟಿಯಲ್ಲಿರುವ ಲ್ಯಾಪ್‌ಟಾಪ್. ಅಂತರ್ಜಾಲವಿಲ್ಲದೆ ದಾಟಿಸಿ ಮಾರುವವರಿದ್ದಾರೆ. ಪಟ್ಟಿಯಿಂದ ತೆಗೆಯುವ ಅಧಿಕಾರ ಆ ಸಂಸ್ಥೆಯ ಐಟಿ ವಿಭಾಗದ್ದು. ಅವರಿಗೆ ಸೀರಿಯಲ್ ಸಂಖ್ಯೆಯೊಂದಿಗೆ ಇಮೇಲ್ ಬರೆಯಿರಿ. ವಿಲೇವಾರಿ ಮಾಡಿದ ಹಳೆಯ ಯಂತ್ರವಾದರೆ ತೆಗೆದುಕೊಡುವುದುಂಟು. ಕೆಲಸ ಬಿಟ್ಟವರು ಹಿಂದಿರುಗಿಸದೆ ಮಾರಿದ್ದಾದರೆ ಅದು ಹಿಂದಕ್ಕೆ ಹೋಗಬೇಕಾದ ವಸ್ತು. ಹೊಸ ಮ್ಯಾಕ್‌ಗಳಿಗೆ ಐಫೋನಿನ ಬೀಗವೇ ಇರುತ್ತದೆ, ಐದನೇ ಹಂತ ಅನ್ವಯ.

ಹಂತ 9: ಯಾವುದೂ ಆಗದಿದ್ದರೆ

ಅಂಗಡಿಯಿಂದ ಕೊಂಡದ್ದಾದರೆ ಬಿಲ್ ತೋರಿಸಿ ಹಣ ವಾಪಸ್ ಕೇಳಿ. ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಅರ್ಜಿಗೆ ಎರಡು ವರ್ಷದ ಕಾಲಮಿತಿ ಇದೆ. ಖಾಸಗಿ ವ್ಯಕ್ತಿಯಿಂದ ಕೊಂಡದ್ದಕ್ಕೆ ಈ ದಾರಿ ಇಲ್ಲ, ಮೋಸವಾಗಿದ್ದರೆ ಪೊಲೀಸ್ ದೂರು.

ಕಳವಿನ ಮಾಲು ಎಂಬ ಅನುಮಾನ ಬಂದ ದಿನವೇ ಫೋನನ್ನು ನಿಮ್ಮ ವ್ಯಾಪ್ತಿಯ ಠಾಣೆಗೆ ಒಪ್ಪಿಸಿ ಹಿಂಬರಹ ಪಡೆಯಿರಿ. ನಾಲ್ಕನೇ ಹಂತದಲ್ಲಿ ತೆಗೆದಿಟ್ಟ ಸಂದೇಶ ಮತ್ತು ಹಣದ ದಾಖಲೆಗಳ ಪ್ರತಿ ಜೊತೆಗಿರಲಿ. ಕದ್ದದ್ದೆಂದು ಗೊತ್ತಿದ್ದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್‌ನಡಿ ಮೂರು ವರ್ಷದವರೆಗೆ ಜೈಲು. ಹಣ ಹೋಗುತ್ತದೆಯಲ್ಲ ಎಂದು ಇನ್ನೊಬ್ಬರಿಗೆ ಮಾರಿ ಕೈತೊಳೆದುಕೊಂಡರೆ ಸರಪಣಿಯಲ್ಲಿ ನೀವೂ ಒಂದು ಕೊಂಡಿಯಾಗುತ್ತೀರಿ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನ ಸೀಟಿನಲ್ಲಿ ಸಿಕ್ಕ ಫೋನ್ ಆದರೆ ಇಷ್ಟೆಲ್ಲ ಬೇಡ. ಆಫ್ ಮಾಡಬೇಡಿ, ಸಿಮ್ ತೆಗೆಯಬೇಡಿ, ಚಾರ್ಜ್‌ಗೆ ಹಾಕಿ. ಕಳೆದುಕೊಂಡವರು ಕರೆ ಮಾಡಿಯೇ ಮಾಡುತ್ತಾರೆ. ಸಂಜೆಯವರೆಗೆ ಬರದಿದ್ದರೆ ಠಾಣೆಗೆ ಕೊಡಿ.

ಹಂತ 10: ಮುಂದಿನ ಸಲ, ಹಣ ಕೊಡುವ ಮೊದಲಿನ ಹತ್ತು ನಿಮಿಷ

ಮಾರುವವರು ನಿಮ್ಮ ಎದುರಿನಲ್ಲೇ ಸೆಟ್ಟಿಂಗ್ಸ್ ಒಳಗಿನಿಂದ ಖಾತೆ ತೆಗೆದು ಅಳಿಸಲಿ. ಮೊದಲೇ ಅಳಿಸಿ ಸ್ವಾಗತದ ಪರದೆಯಲ್ಲಿ ತಂದು ತೋರಿಸಿದರೆ ಅದು ಶುದ್ಧ ಎಂದಲ್ಲ. ಬೀಗ ಕಾಣುವುದು ಅಂತರ್ಜಾಲ ಸೇರಿಸಿದ ಮೇಲೆ. “ಇಲ್ಲಿ ವೈಫೈ ಇಲ್ಲ, ಮನೆಯಲ್ಲಿ ಮಾಡಿಕೊಳ್ಳಿ” ಎಂದರೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಆಗಲೂ ಬೇರೆ ಕಾರಣ ಹೇಳಿದರೆ ಅಲ್ಲಿಂದ ಹೊರಡಿ.

ಐಎಂಇಐಯನ್ನು ಡಬ್ಬಿಗೆ, ಬಿಲ್ಲಿಗೆ ತಾಳೆ ನೋಡಿ 14422ಕ್ಕೆ ಕಳುಹಿಸಿ. ಮೂಲ ಬಿಲ್ಲನ್ನೇ ಪಡೆದುಕೊಳ್ಳಿ, ಮಾರುವವರ ಗುರುತಿನ ಚೀಟಿಯ ಪ್ರತಿ ಮತ್ತು ಸಹಿ ಇರುವ ಒಂದು ಚೀಟಿ ಬರೆಸಿಕೊಳ್ಳಿ. ನಂತರ ಪೂರ್ತಿ ಸೆಟಪ್ ಮುಗಿಸಿ, ನಿಮ್ಮ ಖಾತೆ ಹಾಕಿ, ನಿಮ್ಮ ಸಿಮ್ ಹಾಕಿ ಮನೆಗೆ ಒಂದು ಕರೆ ಮಾಡಿ. ಆ ಕಡೆಯಿಂದ “ಹಲೋ” ಕೇಳಿದ ಮೇಲೆ ಯುಪಿಐ ತೆರೆಯಿರಿ.